ಟರ್ಕಿಯನ್ನು ನೇಟೋದಿಂದ ಯಾಕೆ ಹೊರಗೆ ಹಾಕಲ್ಲ?

ವಿದೇಶ ವಿಚಾರ ಬರೆಯುವ ನನಗೆ ಪದೇ ಪದೇ ಬರುವ ಪ್ರಶ್ನೆ ಇದು. ಅಮೆರಿಕ ಮುಂದಾಳಾಗಿರುವ ಸೇನಾ ಕೂಟ ನೇಟೋಗೆ ಟರ್ಕಿ 1952ರಿಂದ ಸದಸ್ಯ. ಆದರೂ ರಷ್ಯಾದಿಂದ ಕ್ಷಿಪಣಿ ಕೊಳ್ಳುತ್ತದೆ, ಯುಕ್ರೇನ್‌ಗೆ ಡ್ರೋನ್ ಮಾರುತ್ತದೆ. ಅಮೆರಿಕ ಹೇಗೆ ಸುಮ್ಮನಿದೆ?

ಹೊರಗೆ ಹಾಕುವ ನಿಯಮವೇ ನೇಟೋ ಒಪ್ಪಂದದಲ್ಲಿಲ್ಲ. ಮೇಲಾಗಿ, ಅಲ್ಲಿ ಪ್ರತಿ ತೀರ್ಮಾನಕ್ಕೂ ಎಲ್ಲರ ಒಪ್ಪಿಗೆ ಬೇಕು. ನೇಟೋ ಸೇರಲು ಸ್ವೀಡನ್ 2022ರಲ್ಲಿ ಅರ್ಜಿ ಹಾಕಿದರೆ, ಟರ್ಕಿ ಒಪ್ಪಿದ್ದು 2024ರ ಜನವರಿಯಲ್ಲಿ. ಅದರ ಬೆನ್ನಿಗೇ ಟರ್ಕಿಗೆ 40 ಹೊಸ ಎಫ್-16 ಯುದ್ಧವಿಮಾನ ಮಾರಲು ಅಮೆರಿಕ ಸರ್ಕಾರ ಮುಂದಾಯಿತು. ಕಾಕತಾಳೀಯ ಅಂತೀರಾ?

ಇನ್ನು ಜಾಗದ ಬಲ. ಕಪ್ಪು ಸಮುದ್ರದ ಬಾಗಿಲು ಟರ್ಕಿ ಕೈಲಿದೆ. ಅಲ್ಲಿನ ಜಲಸಂಧಿಗಳಲ್ಲಿ ಹಡಗು ಸಂಚಾರದ ನಿಯಮ ಹೇಳುವ 1936ರ ಮಾಂಟ್ರೋ ಒಪ್ಪಂದ ಹಿಡಿದು, 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ಅದು ಯುದ್ಧನೌಕೆಗಳಿಗೆ ಜಲಸಂಧಿ ಮುಚ್ಚಿತು. ಹಾಗಂತ ರಷ್ಯಾ ಮೇಲಿನ ಆರ್ಥಿಕ ನಿರ್ಬಂಧಕ್ಕೆ ಕೈಜೋಡಿಸಲಿಲ್ಲ.

ಆದರೆ ಅಮೆರಿಕವನ್ನೇ ನೆಚ್ಚಿಕೊಳ್ಳದ ಈ ಬುದ್ಧಿ ಅಧ್ಯಕ್ಷ ಎರ್ಡೊಗಾನ್ ಬಂದ ಮೇಲೆ ಹುಟ್ಟಿದ್ದಲ್ಲ. 1964ರಲ್ಲಿ ಪಕ್ಕದ ಸೈಪ್ರಸ್ ದ್ವೀಪದಲ್ಲಿ ಗ್ರೀಕರಿಗೂ ಟರ್ಕರಿಗೂ ಗಲಾಟೆ ಜೋರಾಗಿದ್ದಾಗ ಅಮೆರಿಕದ ಅಧ್ಯಕ್ಷ ಜಾನ್ಸನ್ ಟರ್ಕಿಯ ಪ್ರಧಾನಿ ಇನೋನುಗೆ ಖಾರವಾದ ಪತ್ರ ಬರೆದರು. ನೀವು ಅಲ್ಲಿಗೆ ನುಗ್ಗಿ, ಸೋವಿಯತ್ ನಿಮ್ಮ ಮೇಲೆ ಬಿದ್ದರೆ ನೇಟೋ ಬರುತ್ತದೆ ಅಂತ ನಂಬಬೇಡಿ ಎಂಬ ಅರ್ಥ ಅದರಲ್ಲಿತ್ತು. 1974ರಲ್ಲಿ ಟರ್ಕಿ ನುಗ್ಗಿಯೇ ಬಿಟ್ಟಿತು. ಮರುವರ್ಷ ಅಮೆರಿಕ ಶಸ್ತ್ರ ಕೊಡುವುದನ್ನು ನಿಲ್ಲಿಸಿತು. ಅದೇ 1975ರಲ್ಲಿ ಟರ್ಕಿ ತನ್ನ ಸೇನೆಯ ರೇಡಿಯೋಗಳಿಗಾಗಿ ಆಸೆಲ್ಸಾನ್ ಕಂಪನಿ ಕಟ್ಟಿತು. ಇವತ್ತಿನ ಬೈರಕ್ತಾರ್ ಡ್ರೋನ್‌ ಹಿಂದಿರುವುದೂ ನಮ್ಮ ಶಸ್ತ್ರ ನಾವೇ ಮಾಡಿಕೊಳ್ಳಬೇಕು ಅನ್ನೋ ಆ ಹಟವೇ. ಬೇರೆಯವರ ನಲ್ಲಿಯಿಂದ ನೀರು ಹಿಡಿಯುವವನಿಗೆ ನಲ್ಲಿ ಯಾವಾಗ ನಿಲ್ಲುತ್ತೋ ಅನ್ನೋ ಭಯ ಹೋಗಲ್ಲ, ಅಲ್ವಾ?

ಇಷ್ಟು ಹೇಳಿದ ಮೇಲೂ, ರಷ್ಯಾದ ಎಸ್-400 ವಾಯುರಕ್ಷಣಾ ಕ್ಷಿಪಣಿ ವ್ಯವಸ್ಥೆ ಕೊಂಡಿದ್ದು ಜಾಣ ವ್ಯಾಪಾರ ಅಂತ ನನಗನ್ನಿಸಲ್ಲ. 2019ರ ಜುಲೈನಲ್ಲಿ ಅದು ಬಂದಿಳಿಯಿತು. ಅದೇ ತಿಂಗಳು ಅಮೆರಿಕ ಟರ್ಕಿಯನ್ನು ಎಫ್-35 ಯುದ್ಧವಿಮಾನ ಯೋಜನೆಯಿಂದ ಕೈಬಿಟ್ಟಿತು. ಆ ವಿಮಾನಕ್ಕೆ ಟರ್ಕಿ ಕಂಪನಿಗಳೇ ನೂರಾರು ಬಿಡಿಭಾಗ ಮಾಡಿಕೊಡುತ್ತಿದ್ದವು. 2020ರಲ್ಲಿ ಅಮೆರಿಕದ ನಿರ್ಬಂಧವೂ ಬಂತು. (ಭಾರತವೂ ಎಸ್-400 ಕೊಂಡಿತು, ನಿರ್ಬಂಧ ಬರಲಿಲ್ಲ. ಚೀನಾದ ಪಕ್ಕ ಇರುವ ದೇಶಕ್ಕೆ ಅಮೆರಿಕದ ಕಣ್ಣಲ್ಲಿ ಒಂದು ಬೆಲೆ ಇದೆ.) ರಷ್ಯಾದ ಆ ವ್ಯವಸ್ಥೆಯನ್ನು ನೇಟೋ ಜಾಲಕ್ಕೆ ಜೋಡಿಸುವ ಹಾಗೂ ಇಲ್ಲ. ಯಜಮಾನನಿಗೆ ಸಡ್ಡು ಹೊಡೆದ ಖುಷಿ ಸಿಕ್ಕಿತು, ವಿಮಾನ ಕೈತಪ್ಪಿತು.

ಈಗ ಟರ್ಕಿ ತನ್ನದೇ ಯುದ್ಧವಿಮಾನ 'ಕಾನ್' ಮಾಡುತ್ತಿದೆ. 2024ರ ಫೆಬ್ರವರಿಯಲ್ಲಿ ಮೊದಲ ಸಲ ಹಾರಿತು. ಅದರಲ್ಲಿದ್ದ ಎಂಜಿನ್ ಮಾತ್ರ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ದು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುವ ತೇಜಸ್‌ಗೂ ಅದೇ ಕಂಪನಿಯ ಎಂಜಿನ್.