ಮಂಗಳೂರಿನಿಂದ ಹಿರೇಕೊಳಲೆಗೆ ಬೇಸಿಗೆಯ ಒಂದು ದಿನ: ಕೆರೆ ಬೆಳಿಗ್ಗೆ, ಘಾಟಿ ಬೆಳಕಿರುವಾಗ

ಏಪ್ರಿಲ್, ಮೇ ತಿಂಗಳ ಸೆಕೆಗೆ ಬೇಸತ್ತು ಒಂದು ದಿನದ ಮಟ್ಟಿಗಾದರೂ ಘಟ್ಟ ಹತ್ತಿ ಬರೋಣ ಎನ್ನುವವರಿಗೆ ಚಿಕ್ಕಮಗಳೂರಿನ ಹಿರೇಕೊಳಲೆ ಕೆರೆ ಒಳ್ಳೆಯ ಜಾಗ. ಪೇಟೆಯಿಂದ ಸುಮಾರು 10 ಕಿ.ಮೀ. ದೂರ. ಕಾಫಿ ತೋಟಗಳ ನಡುವೆ ಸಾಗುವ ಸಣ್ಣ ರಸ್ತೆ ನೇರ ಕೆರೆ ಏರಿಗೆ ತಂದು ಬಿಡುತ್ತದೆ. ಎದುರಿಗೆ ನೀರು, ಅದರಾಚೆ ಒಂದರ ಹಿಂದೊಂದು ಗುಡ್ಡ. ಬೆಟ್ಟ ಹತ್ತಬೇಕಿಲ್ಲ, ದೂರ ನಡೆಯಬೇಕಿಲ್ಲ. ಹಾಗಾಗಿ ಮಕ್ಕಳು, ವಯಸ್ಸಾದವರು ಇರುವ ಕುಟುಂಬಕ್ಕೂ ಹೊಂದುತ್ತದೆ.

ಈ ಕೆರೆಯ ಮಾತೆತ್ತಿದರೆ ಸೂರ್ಯಾಸ್ತಕ್ಕೆ ಹೋಗಿ ಎನ್ನುವವರೇ ಹೆಚ್ಚು. ಚಿಕ್ಕಮಗಳೂರಿನಲ್ಲಿ ರಾತ್ರಿ ಉಳಿಯುವವರಿಗೆ ಆ ಮಾತು ಸರಿ. ಅದೇ ದಿನ ಮಂಗಳೂರಿಗೋ ಉಡುಪಿಗೋ ವಾಪಸಾಗುವವರು ಅದನ್ನು ಬಿಟ್ಟುಬಿಡಬೇಕು. ಈ ತಿಂಗಳುಗಳಲ್ಲಿ ಸೂರ್ಯ ಮುಳುಗುವುದು ಆರೂವರೆ ದಾಟಿದ ಮೇಲೆ. ಅಲ್ಲಿಂದ ಹೊರಟು ಚಾರ್ಮಾಡಿ ಘಾಟಿಯ ಮೇಲಿನ ತುದಿಯಲ್ಲಿರುವ ಕೊಟ್ಟಿಗೆಹಾರ ಮುಟ್ಟುವಾಗ ರಾತ್ರಿ ಎಂಟೂವರೆ. ಮುಂದಿನದು ಕತ್ತಲ ಚಾರ್ಮಾಡಿ: ಎದುರಿನಿಂದ ಕಣ್ಣಿಗೆ ಹೊಡೆಯುವ ಹೆಡ್‌ಲೈಟ್, ಮಳೆ ಬಂದಿದ್ದರೆ ಮಂಜು, ಕೆಲವೊಮ್ಮೆ ರಸ್ತೆಗಿಳಿಯುವ ಕಾಡಾನೆ, ಇಷ್ಟರ ಜೊತೆಗೆ ಬೆಳಗಿನಿಂದ ಸ್ಟೇರಿಂಗ್ ಹಿಡಿದು ದಣಿದ ಚಾಲಕ.

ಸಂಜೆಯ ಯೋಜನೆ ಕೈಕೊಡಲು ಇನ್ನೊಂದು ಕಾರಣ ಮಳೆ. ಮಾರ್ಚ್‌ನಿಂದ ಮೇ ವರೆಗೆ ಮಲೆನಾಡಿನಲ್ಲಿ ಮಧ್ಯಾಹ್ನದ ನಂತರ ಗುಡುಗು ಮಳೆ ಸಾಮಾನ್ಯ. ಕಾಫಿ ಗಿಡ ಹೂಬಿಡಲೆಂದು ಬೆಳೆಗಾರರು ಕಾದು ಕೂರುವ ಹೂಮಳೆಯೂ ಇದರದೇ ಜಾತಿ. ಬೆಳಗಿನಿಂದ ನೆಲ ಕಾದು, ಸಮುದ್ರದ ಕಡೆಯ ತೇವದ ಗಾಳಿ ಘಟ್ಟಕ್ಕೆ ತಾಗಿ ಮೇಲೇರಿ, ಎರಡು ಮೂರು ಗಂಟೆಯ ಹೊತ್ತಿಗೆ ಮೋಡ ಗೋಪುರದಂತೆ ಬೆಳೆಯುತ್ತದೆ. ಮಳೆಗಾದರೂ ಕೊಡೆ ಇದೆ, ಸಿಡಿಲಿಗೆ ಏನೂ ಇಲ್ಲ. ಏರಿಯ ಮೇಲೆ ನಿಂತ ಮನುಷ್ಯನೇ ಅಲ್ಲಿ ಎತ್ತರದ ವಸ್ತು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಕಾರಿನೊಳಗೆ ಕೂತು ಕಿಟಕಿ ಏರಿಸಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಇಳಿಯಬೇಡಿ. ಮರದಡಿ ನಿಲ್ಲುವುದಂತೂ ಬೇಡವೇ ಬೇಡ.

ಆದ್ದರಿಂದ ಕೆರೆಯನ್ನು ಬೆಳಿಗ್ಗೆ ನೋಡಿ. ಆ ಹೊತ್ತು ಆಕಾಶ ಶುಭ್ರ, ಗಾಳಿ ಕಡಿಮೆ, ನೀರು ಅಲುಗದೆ ನಿಂತಿರುತ್ತದೆ. ಏರಿಯ ಮೇಲೆ ನಿಂತವರಿಗೆ ಬಿಸಿಲು ಬೆನ್ನ ಹಿಂದಿನಿಂದ ಬಂದು ಎದುರಿನ ಗುಡ್ಡಗಳ ಮೇಲೆ ಬೀಳುವುದರಿಂದ ಮಡಿಕೆ ಮಡಿಕೆಯೂ ಕಾಣುತ್ತದೆ. ಸಂಜೆ ಅದೇ ಗುಡ್ಡಗಳು ಬರೀ ಕಪ್ಪು ನೆರಳು. ಫೋಟೊದ ಆಸೆ ಇರುವವರಿಗೂ ನಮ್ಮ ಸಲಹೆ ಬೆಳಿಗ್ಗೆಯೇ.

ಲೆಕ್ಕ ಹೀಗೆ ಹಾಕಿ. ಮಂಗಳೂರಿನಿಂದ ಚಿಕ್ಕಮಗಳೂರಿಗೆ ಬಿ.ಸಿ.ರೋಡ್, ಬೆಳ್ತಂಗಡಿ, ಉಜಿರೆ, ಚಾರ್ಮಾಡಿ, ಕೊಟ್ಟಿಗೆಹಾರ, ಮೂಡಿಗೆರೆ ದಾರಿಯಲ್ಲಿ ಸುಮಾರು 150 ಕಿ.ಮೀ. ಬೆಳಿಗ್ಗೆ ನಾಲ್ಕೂವರೆಗೆ ಮನೆ ಬಿಟ್ಟರೆ ಉಜಿರೆಗೆ ಆರರ ಸುಮಾರಿಗೆ ಬರುತ್ತೀರಿ. ಬೆಳಕು ಹರಿಯುವ ಹೊತ್ತಿಗೆ ಸರಿಯಾಗಿ ಘಾಟಿ ಶುರು. ಇದಕ್ಕಿಂತ ಬೇಗ ಹೊರಟರೆ ಕತ್ತಲಲ್ಲೇ ಘಾಟಿ ಹತ್ತಬೇಕು, ಒಂದು ಗಂಟೆ ತಡವಾದರೆ ಬಿಸಿಲೇರಿದ ಮೇಲೆ ಕೆರೆ ಸೇರುತ್ತೀರಿ. ಏಳು ಕಾಲಿಗೆ ಕೊಟ್ಟಿಗೆಹಾರ, ಅಲ್ಲಿ ಮುಕ್ಕಾಲು ಗಂಟೆ ತಿಂಡಿ. ಒಂಬತ್ತೂಕಾಲಕ್ಕೆ ಚಿಕ್ಕಮಗಳೂರು, ಒಂಬತ್ತೂವರೆ ಹತ್ತರೊಳಗೆ ಕೆರೆ. ಹನ್ನೊಂದೂವರೆಗೆ ಅಲ್ಲಿಂದ ಎದ್ದುಬಿಡಿ, ಆಮೇಲೆ ಏರಿಯ ಮೇಲೆ ನೆರಳಿಲ್ಲ.

ಉಡುಪಿಯವರು ಮಂಗಳೂರಿಗೆ ಬರಬೇಕಿಲ್ಲ. ಕಾರ್ಕಳ, ಬಜಗೋಳಿ, ಗುರುವಾಯನಕೆರೆ ಮೂಲಕ ಬೆಳ್ತಂಗಡಿ ದಾರಿಗೆ ಸೇರಿಕೊಳ್ಳಬಹುದು. ವಾಪಸು ಬರುವಾಗ ಕಳಸ, ಕುದುರೆಮುಖ, ಎಸ್.ಕೆ. ಬಾರ್ಡರ್ ಮಾರ್ಗವಾಗಿ ಕಾರ್ಕಳಕ್ಕೆ ಇಳಿಯೋಣ ಎನ್ನುವ ಆಸೆ ಹಲವರಿಗೆ. ದಾರಿ ಬಲು ಚೆಂದ, ಒಪ್ಪಿದೆ. ಆದರೆ ಅದು ರಾಷ್ಟ್ರೀಯ ಉದ್ಯಾನದ ಒಳಗಿನ ರಸ್ತೆ. ಸಂಜೆ ಆರಕ್ಕೆ ಚೆಕ್‌ಪೋಸ್ಟ್ ಮುಚ್ಚಿದರೆ ತೆರೆಯುವುದು ಬೆಳಿಗ್ಗೆಯೇ. ಒಳಗೆ ಮನಬಂದಲ್ಲಿ ಗಾಡಿ ನಿಲ್ಲಿಸುವಂತೆಯೂ ಇಲ್ಲ. ಚಿಕ್ಕಮಗಳೂರಿನಲ್ಲಿ ಊಟ ಮುಗಿಸಿ ಹೊರಟವರು ಗೇಟು ಮುಚ್ಚುವ ಮೊದಲು ಅಲ್ಲಿ ಮುಟ್ಟುತ್ತೇವೆಂಬ ಭರವಸೆ ಇಟ್ಟುಕೊಳ್ಳಬಾರದು. ಒಂದು ದಿನದ ಪ್ರವಾಸದಲ್ಲಿ ಹೋದ ದಾರಿಯಲ್ಲೇ ಬನ್ನಿ.

ಇನ್ನು ಗಾಡಿ. ಹೋಗಿ ಬರುವ ದೂರ, ಪೇಟೆಯೊಳಗಿನ ಓಡಾಟ ಸೇರಿ 320ರಿಂದ 330 ಕಿ.ಮೀ. ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ 22 ಲೀಟರ್ ಆಗುತ್ತದೆ. ಘಾಟಿ ಏರುವಾಗ ಮೈಲೇಜ್ ಇಳಿಯುವುದರಿಂದ 25 ಎಂದು ಹಿಡಿಯಿರಿ. ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇದ್ದರೆ ಉಜಿರೆಯಲ್ಲೇ ತುಂಬಿಸಿ. ಬಿ.ಸಿ.ರೋಡ್‌ಗೆ ಮೊದಲು ಬ್ರಹ್ಮರಕೂಟ್ಲುವಿನಲ್ಲಿ ಟೋಲ್ ಇದೆ, ಫಾಸ್ಟ್ಯಾಗ್‌ನಲ್ಲಿ ದುಡ್ಡಿದೆಯೇ ಎಂದು ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಕೂಲೆಂಟ್ ಮಟ್ಟ, ಸ್ಟೆಪ್ನಿಯ ಗಾಳಿ, ವೈಪರ್ ಈ ಮೂರನ್ನು ಬೇಸಿಗೆಯಲ್ಲಿ ಯಾರೂ ನೋಡುವುದಿಲ್ಲ. ಮೊದಲ ಗುಡುಗು ಮಳೆಗೆ ಒಣಗಿ ಬಿರುಕುಬಿಟ್ಟ ವೈಪರ್ ರಬ್ಬರ್ ಗಾಜಿನ ಮೇಲೆ ಮಣ್ಣಿನ ಕೆಸರು ಬಳಿಯುತ್ತದೆ, ಎದುರಿನದೇನೂ ಕಾಣುವುದಿಲ್ಲ.

ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರಿದರೆ ಎಸಿ ಆಫ್ ಮಾಡಿ ಹೀಟರ್ ಪೂರ್ತಿ ಹಾಕಿ. ಒಳಗೆ ಬೆಂದಂತಾಗುತ್ತದೆ ನಿಜ, ಆದರೆ ಎಂಜಿನ್ನಿನ ಶಾಖ ಆ ದಾರಿಯಿಂದಲೂ ಹೊರಬರುತ್ತದೆ. ಅಗಲವಾದ ಜಾಗ ಸಿಕ್ಕಿದ ಕೂಡಲೇ ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ, ಒತ್ತಡದಲ್ಲಿರುವ ನೀರು ಮುಖಕ್ಕೆ ಚಿಮ್ಮುತ್ತದೆ.

ನಿಜವಾದ ಪರೀಕ್ಷೆ ಇಳಿಯುವಾಗ. ಕರಾವಳಿಯ ಸಮತಟ್ಟು ರಸ್ತೆಯಲ್ಲಿ ಓಡಿಸಿ ರೂಢಿಯಾದವರು ಘಾಟಿಯಲ್ಲೂ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯುತ್ತಾರೆ. ಪ್ಯಾಡ್ ಕಾದು ಹಿಡಿತ ಕಳೆದುಕೊಳ್ಳುತ್ತದೆ, ಪೆಡಲ್ ಒತ್ತಿದರೂ ಗಾಡಿ ನಿಧಾನವಾಗುವುದಿಲ್ಲ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ, ಹೆಚ್ಚಿನ ತಿರುವುಗಳಿಗೆ ಎರಡನೆಯದು. ಆಟೊಮ್ಯಾಟಿಕ್ ಕಾರಾದರೆ ಮ್ಯಾನುವಲ್ ಅಥವಾ ಎಲ್ ಮೋಡ್‌ಗೆ ಹಾಕಿ. ಬ್ರೇಕನ್ನು ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ ಬಿಡಬೇಕು, ಸವರುತ್ತಾ ಇರಬಾರದು. ಸುಟ್ಟ ವಾಸನೆ ಬಂದರೆ ನಿಲ್ಲಿಸಿ 20 ನಿಮಿಷ ಕಾಯಿರಿ. ಆಗ ಗಾಡಿಯನ್ನು ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಕಾದ ಬ್ರೇಕಿಗೆ ನೀರು ಹೊಯ್ಯಬೇಡಿ. ಹೊರಡುವಾಗ ಆ ಕಲ್ಲನ್ನು ಬದಿಗೆ ಹಾಕಿ, ಹಿಂದೆ ಬರುವ ಬೈಕಿನವನಿಗೆ ಅದೇ ಯಮ. ಹತ್ತಿ ಬರುವ ಗಾಡಿಗೆ ಇಳಿಯುವವರು ದಾರಿ ಬಿಡುವುದು ಘಾಟಿಯ ಕ್ರಮ. 2019ರ ಆಗಸ್ಟ್‌ನಲ್ಲಿ ಇದೇ ಘಾಟಿ ಹಲವೆಡೆ ಕುಸಿದಿತ್ತು. ಮೇ ಕೊನೆಯಲ್ಲಿ ಜೋರು ಮಳೆ ಶುರುವಾಗಿದ್ದರೆ ರಸ್ತೆ ತೆರೆದಿದೆಯೇ ಎಂದು ಹಿಂದಿನ ದಿನದ ಪೇಪರಿನಲ್ಲಿ ನೋಡಿಯೇ ಹೊರಡಿ.

ಮಕ್ಕಳಿಗೆ ವಾಂತಿಯ ತೊಂದರೆ ಇದ್ದರೆ ಡಾಕ್ಟರು ಹೇಳಿದ ಮಾತ್ರೆಯನ್ನು ಬೆಳ್ತಂಗಡಿಯಲ್ಲೇ ಕೊಡಿ. ತಿರುವು ಶುರುವಾದ ಮೇಲೆ ಕೊಟ್ಟರೆ ಕೆಲಸ ಮಾಡುವುದಿಲ್ಲ. ಎದ್ದ ಕೂಡಲೇ ಹಾಲು ಕುಡಿಸಿ ಹೊರಡಿಸುವುದೂ ಬೇಡ, ಎರಡು ಒಣ ರಸ್ಕ್ ಸಾಕು. ಮೊಬೈಲ್ ಕಸಿದುಕೊಂಡು ಎದುರಿನ ರಸ್ತೆ ನೋಡುವಂತೆ ಕೂರಿಸಿ. ಹೊಟ್ಟೆ ತುಂಬ ತಿನ್ನುವುದು ಘಾಟಿ ಮುಗಿದ ಮೇಲೆ, ಕೊಟ್ಟಿಗೆಹಾರದಲ್ಲಿ. ಅಲ್ಲಿನ ನೀರುದೋಸೆ ಹೆಸರಾದದ್ದು, ಕರಾವಳಿಯವರ ನಾಲಗೆಗೂ ಒಪ್ಪುತ್ತದೆ. ಶೌಚಾಲಯದ ಕೆಲಸವನ್ನು ಉಜಿರೆ, ಕೊಟ್ಟಿಗೆಹಾರ, ಚಿಕ್ಕಮಗಳೂರು ಪೇಟೆ ಇಷ್ಟರಲ್ಲಿ ಮುಗಿಸಿಕೊಳ್ಳಿ, ಕೆರೆಯ ಬಳಿ ಸಿಗುತ್ತದೆಂದು ನಂಬಬೇಡಿ.

ಬುತ್ತಿಗೆ ತೆಂಗಿನಕಾಯಿ ಹಾಕಿದ ಚಟ್ನಿ ಬೇಡ, ಮುಚ್ಚಿದ ಕಾರಿನಲ್ಲಿ ಹತ್ತು ಗಂಟೆಗೇ ಹಳಸುತ್ತದೆ. ಮೊಸರನ್ನ ಒಳ್ಳೆಯದು, ಆದರೆ ಮನೆಯಲ್ಲೇ ಪೂರ್ತಿ ಮೊಸರು ಕಲಸಿದರೆ ಮಧ್ಯಾಹ್ನಕ್ಕೆ ಹುಳಿ ಬಾಯಿಗಿಡಲಾಗದು. ನಾಲ್ಕು ಜನರಿಗೆ ಎರಡು ಲೋಟ ಅಕ್ಕಿಯ ಅನ್ನ ಮೆತ್ತಗೆ ಮಾಡಿ, ಬಿಸಿ ಇರುವಾಗಲೇ ಹಿಸುಕಿ, ಆರಿದ ಮೇಲೆ ಕಾಯಿಸಿ ತಣಿಸಿದ ಹಾಲು ನಾಲ್ಕು ಲೋಟ, ಮೊಸರು ಎರಡು ಚಮಚ ಸೇರಿಸಿ. ಅದು ದಾರಿಯಲ್ಲೇ ಹೆಪ್ಪಾಗಿ ಊಟದ ಹೊತ್ತಿಗೆ ಹದವಾಗಿರುತ್ತದೆ. ಉಪ್ಪು ತಿನ್ನುವಾಗ ಹಾಕಿಕೊಳ್ಳಿ. ಜೊತೆಗೆ ಮಿಡಿ ಉಪ್ಪಿನಕಾಯಿ. ಕುಡಿಯಲು ದೊಡ್ಡವರಿಗೆ ತಲಾ 3 ಲೀಟರ್ ನೀರು, ಬೇರೆಯಾಗಿ ಒಂದು ಬಾಟಲಿ ಪುನರ್ಪುಳಿ. ಘಟ್ಟದ ಮೇಲೆ ಗಾಳಿ ಒಣಗಿರುವುದರಿಂದ ಬೆವರು ಮೈಮೇಲೆ ನಿಲ್ಲದೆ ಆರುತ್ತದೆ, ಬಾಯಾರಿಕೆಯೂ ಗೊತ್ತಾಗುವುದಿಲ್ಲ. ಸಂಜೆ ಬರುವ ತಲೆನೋವಿಗೆ ಇದೂ ಒಂದು ಕಾರಣ. ಸಾವಿರ ಮೀಟರ್ ಮೇಲೇರಿದರೆ ಆರು ಡಿಗ್ರಿಯಷ್ಟು ತಂಪು ಎಂಬುದು ನೆರಳಿನ ಲೆಕ್ಕ. ಬಿಸಿಲು ಅಲ್ಲೂ ಸುಡುತ್ತದೆ, ಟೊಪ್ಪಿ ಬೇಕು.

ಕೆರೆಯಲ್ಲಿ ಇಳಿಯಬೇಡಿ. ಇದು ಕುಡಿಯುವ ನೀರಿನ ಕೆರೆ, ಈಜುವ ಜಾಗವಲ್ಲ. ಬೇಸಿಗೆಯಲ್ಲಿ ಅಪಾಯ ಬೇರೆಯದೇ ರೂಪದಲ್ಲಿರುತ್ತದೆ. ನೀರು ಹಿಂದೆ ಸರಿದು ಅಂಚಿನಲ್ಲಿ ಮಣ್ಣು ಒಣಗಿ, ಅಂಗೈ ಅಗಲದ ಬಿಲ್ಲೆಗಳಾಗಿ ಬಿರಿದು ಗಟ್ಟಿ ನೆಲದಂತೆ ಕಾಣುತ್ತದೆ. ನೀರಿನ ಹತ್ತಿರ ಹೋದಂತೆ ಆ ಬಿಲ್ಲೆಗಳ ಬಣ್ಣ ಬಿಳಿಯಿಂದ ಕಂದು, ಕಂದಿನಿಂದ ಕಪ್ಪಾಗುತ್ತದೆ. ಕಂದು ಶುರುವಾದಲ್ಲಿಂದ ಕೆಳಗೆ ಹಸಿ ಹೂಳು. ಕಾಲಿಟ್ಟರೆ ಮೊಣಕಾಲಿನವರೆಗೆ ಹುಗಿಯುತ್ತದೆ, ಮಕ್ಕಳಾದರೆ ಸೊಂಟದವರೆಗೆ. ಬಿಳಿ ನೆಲದಲ್ಲೇ ನಿಲ್ಲಿ. ಒಳ್ಳೆಯ ಫೋಟೊಗೆಂದು ಕಾರನ್ನು ಕೆರೆಯಂಗಳಕ್ಕೆ ಇಳಿಸಿದರೆ ಎಳೆಯಲು ಟ್ರ್ಯಾಕ್ಟರ್ ಕರೆಸಬೇಕಾದೀತು. ಸುತ್ತಲಿನ ತೋಟಗಳು ಖಾಸಗಿ, ಬೇಲಿ ದಾಟಬೇಡಿ. ಬೆಂಕಿ ಹಚ್ಚಿ ಅಡುಗೆ ಮಾಡುವುದು, ಸಿಗರೇಟು ತುಂಡು ಎಸೆಯುವುದು ಈ ಕಾಲದಲ್ಲಿ ಗುಡ್ಡಕ್ಕೇ ಕೊಳ್ಳಿ ಇಟ್ಟಂತೆ. ಒಣಹುಲ್ಲಿಗೆ ಹತ್ತಿದ ಬೆಂಕಿ ಗಾಳಿಯ ಜೊತೆ ಮೇಲಕ್ಕೆ ಓಡುತ್ತದೆ, ನಂದಿಸಲು ಜನ ನಡೆದೇ ಹತ್ತಬೇಕು. ತಂದ ಕಸವನ್ನೆಲ್ಲ ಚೀಲದಲ್ಲಿ ವಾಪಸು ತನ್ನಿ.

ಕೆರೆಯ ಜೊತೆಗೆ ಮುಳ್ಳಯ್ಯನಗಿರಿ, ದತ್ತಪೀಠವನ್ನೂ ಸೇರಿಸಿಕೊಳ್ಳುವುದು ಬೇಡ. ಆ ಕಡೆಗೆ ವಾಹನಗಳಿಗೆ ಮುಂಗಡ ಆನ್‌ಲೈನ್ ನೋಂದಣಿ ಇದೆ, ಶನಿವಾರ ಭಾನುವಾರ ಕಿರಿದಾದ ಗಿರಿ ರಸ್ತೆಯಲ್ಲಿ ಕಾರುಗಳ ಸಾಲು. ಗಿರಿಗೆ ಬೇರೆಯೇ ದಿನ ಇಡಿ. ಕೆರೆಗೂ ವಾರದ ನಡುವೆ ಹೋದರೆ ನಿಶ್ಶಬ್ದ ಸಿಗುತ್ತದೆ. ಊಟ ಮುಗಿದ ಮೇಲೆ ಹೊತ್ತಿದ್ದರೆ ಪೇಟೆಯಲ್ಲಿ ಕಾಫಿ ಮಂಡಳಿಯ ಕಾಫಿ ವಸ್ತುಸಂಗ್ರಹಾಲಯವಿದೆ. ಇಲ್ಲವೇ ಹುರಿದು ಪುಡಿ ಮಾಡಿಕೊಡುವ ಅಂಗಡಿಯಲ್ಲಿ ಕಾಲು ಕೆ.ಜಿ. ಕಾಫಿಪುಡಿ ಕೊಂಡು, ಚಿಕೋರಿ ಎಷ್ಟಿರಬೇಕೆಂದು ನೀವೇ ಹೇಳಿ ಬೆರೆಸಿಕೊಳ್ಳಿ.

ಬಸ್ಸಿನಲ್ಲೂ ಹೋಗಬಹುದು. ಮಂಗಳೂರಿನಿಂದ ಚಾರ್ಮಾಡಿ ದಾರಿಯಲ್ಲಿ ಚಿಕ್ಕಮಗಳೂರಿಗೆ ಕೆಎಸ್‌ಆರ್‌ಟಿಸಿ ಬಸ್ಸುಗಳಿವೆ. ಅಲ್ಲಿಂದ ಆಟೊ ಮಾಡುವಾಗ ಹೋಗಿ ಬರುವುದಕ್ಕೂ ಒಂದೂವರೆ ಗಂಟೆ ಕಾಯುವುದಕ್ಕೂ ಸೇರಿಸಿಯೇ ಬಾಡಿಗೆ ಮಾತಾಡಿ, ಕೆರೆಯ ಬಳಿ ಬೇರೆ ಆಟೊ ಸಿಗುವ ಖಾತ್ರಿ ಇಲ್ಲ.

ತೀರಾ ಸಣ್ಣ ಮಕ್ಕಳಿದ್ದು ಇಷ್ಟು ದೂರ ಬೇಡವೆನಿಸಿದ ಉಡುಪಿಯವರಿಗೆ ಹೆಬ್ರಿ ಬಳಿಯ ವರಂಗ ಇದೆ. ಘಟ್ಟದ ಬುಡದಲ್ಲಿ ಕೆರೆ, ನಟ್ಟನಡುವೆ ಬಸದಿ, ದೋಣಿಯಲ್ಲೇ ಹೋಗಬೇಕು. ಅರ್ಧ ದಿನ ಸಾಕು. ತಂಪು ಮಾತ್ರ ನಿರೀಕ್ಷಿಸಬೇಡಿ, ಸೆಕೆ ಉಡುಪಿಯಷ್ಟೇ.

ಚಿಕ್ಕಮಗಳೂರಿನಿಂದ ಎರಡೂವರೆಯೊಳಗೆ ಹೊರಟರೆ ಕೊಟ್ಟಿಗೆಹಾರಕ್ಕೆ ನಾಲ್ಕೂಕಾಲು, ಘಾಟಿಯ ಬುಡಕ್ಕೆ ಐದೂಕಾಲು, ಮಂಗಳೂರಿಗೆ ಎಂಟರೊಳಗೆ ಬರಬಹುದು. ಕೊಟ್ಟಿಗೆಹಾರದಲ್ಲಿ ಮಳೆ ಹಿಡಿದರೆ ಅಲ್ಲೇ ಚಹಾ ಕುಡಿಯುತ್ತಾ ಕೂರಿ. ಇಂಥ ಮಳೆ ಹೆಚ್ಚಾಗಿ ಒಂದು ಗಂಟೆಯಲ್ಲಿ ಕಳೆಯುತ್ತದೆ, ಆ ಒಂದು ಗಂಟೆಯನ್ನು ಸೇರಿಸಿಯೇ ಎರಡೂವರೆ ಎಂದದ್ದು. ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಅಲ್ಲಲ್ಲಿ ಇರುವುದಿಲ್ಲ. ಇಳಿಯುತ್ತಿದ್ದೇವೆ ಎಂದು ಮನೆಗೆ ಕೊಟ್ಟಿಗೆಹಾರದಿಂದಲೇ ಫೋನ್ ಮಾಡಿ ಹೊರಡಿ.