"ಫೈಲ್ ನಿಮ್ಮ ಹತ್ರಾನೇ ಇದ್ಯಲ್ಲಾ, ಒಂದು ಪಿಡಿಎಫ್ ಕಳಿಸಿ ಸಾರ್"

ವಾರಕ್ಕೆ ಎರಡು ಮೂರು ಸಲವಾದರೂ ಈ ಮಾತು ಕಿವಿಗೆ ಬೀಳುತ್ತದೆ. ಮದುವೆಮನೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುವಾಗ ಕೇಳಿದವರಿದ್ದಾರೆ. "ಆ ಪುಸ್ತಕದ ಡಿಟಿಪಿ ನೀವೇ ಅಲ್ವಾ ಮಾಡಿದ್ದು? ಒಂದು ಪಿಡಿಎಫ್ ಕಳಿಸಿ ಸಾರ್. ಓದಿ ಡಿಲೀಟ್ ಮಾಡ್ತೀನಿ." ಓದಿ ಡಿಲೀಟ್ ಮಾಡಿದವರನ್ನು ನಾನಿನ್ನೂ ನೋಡಿಲ್ಲ. ಓದಿದವರನ್ನೂ ಅಷ್ಟಾಗಿ ನೋಡಿಲ್ಲ ಬಿಡಿ.

ಒಬ್ಬೊಬ್ಬರಿಗೂ ಒಂದೊಂದು ಥರ ಹೇಳಿ ಸಾಕಾಗಿದೆ. ಅದಕ್ಕೆ ಒಂದೇ ಸಲ ಬರೆದಿಡೋಣ ಅಂತ ಕೂತಿದ್ದೇನೆ.

ಮೊದಲು ನನ್ನ ಕಥೆ. ಚಾಮರಾಜಪೇಟೆಯಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕನ್ನಡ ಪುಸ್ತಕಗಳ ಡಿಟಿಪಿ ಮಾಡಿದ್ದೇನೆ. ಪುಟಕ್ಕಿಷ್ಟು ಅಂತ ಲೆಕ್ಕ. ಕೈಬರಹ ಬರುತ್ತಿತ್ತು, ಟೈಪ್ ಮಾಡಿ ಪ್ರೂಫ್ ತೆಗೆದು ಕೊಡುತ್ತಿದ್ದೆ. ಕೆಂಪು ಶಾಯಿಯಲ್ಲಿ ಮಿಂದು ವಾಪಸ್ ಬರುತ್ತಿತ್ತು. ಮೂರು ಸಲ ಹಾಗಾದ ಮೇಲೆ ಟ್ರೇಸಿಂಗ್, ಆಮೇಲೆ ಪ್ರೆಸ್ಸು. ಹಾಗಾಗಿ ನೂರಾರು ಪುಸ್ತಕಗಳ ಫೈಲು ನನ್ನ ಹತ್ತಿರ ಇರುವುದು ನಿಜ.

ಇನ್ನೊಂದು ನಿಜವನ್ನೂ ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹಳೇ ಗೆಳೆಯರು ಎದ್ದು ನಿಂತು ಹೇಳುತ್ತಾರೆ. ನಾನು ಅಷ್ಟೂ ವರ್ಷ ಅನ್ನ ತಿಂದದ್ದು ಪುಟ ಜೋಡಿಸುವ ತಂತ್ರಾಂಶದಿಂದ, ಅದೂ ಕದ್ದ ಪೇಜ್‌ಮೇಕರ್‌ನಿಂದ. ಕಂಪ್ಯೂಟರ್ ಅಸೆಂಬಲ್ ಮಾಡಿಕೊಟ್ಟ ಅಂಗಡಿಯವನೇ ಸಿಡಿ ಹಾಕಿಕೊಟ್ಟಿದ್ದ. ಅದಕ್ಕೆ ದುಡ್ಡು ಕೊಡಬೇಕು ಅನ್ನುವುದೇ ಆಗ ತಲೆಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಕೊಡುವ ಶಕ್ತಿ ಇರಲಿಲ್ಲ. ಆದ್ದರಿಂದ ಕಾಪಿ ಮಾಡುವುದು ಮಹಾಪಾಪ ಅಂತ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಪಾಪ ಅಂತ ನಾನು ನಂಬುವುದೂ ಇಲ್ಲ.

ಆದರೂ ಪಿಡಿಎಫ್ ಕಳಿಸುವುದಿಲ್ಲ. ಯಾಕೆ ಅಂದರೆ, ಒಂದು ಸಲ ಹೀಗಾಯಿತು.

ನಿವೃತ್ತ ಮೇಷ್ಟ್ರೊಬ್ಬರ ಪ್ರಬಂಧಗಳ ಪುಸ್ತಕ. ಐನೂರು ಪ್ರತಿ ಅಚ್ಚು. ಬಿಡುಗಡೆಯಾಗಿ ಎರಡು ತಿಂಗಳಿಗೆ ಒಂದು ಬೆಳಿಗ್ಗೆ ಫೋನ್ ಮಾಡಿದರು. ಯಾರೋ ಅವರ ವಾಟ್ಸಾಪ್‌ಗೆ ಅವರದೇ ಪುಸ್ತಕ ಕಳಿಸಿದ್ದಾರೆ, "ಒಳ್ಳೆಯ ಪುಸ್ತಕ, ಬಿಡುವಾದಾಗ ಓದಿ" ಎಂಬ ಒಕ್ಕಣೆಯ ಜೊತೆ! ಮೇಷ್ಟ್ರು ನಗುತ್ತಲೇ ಹೇಳಿದರು. ಆಮೇಲೆ ದನಿ ತಗ್ಗಿಸಿ, "ಅರ್ಪಣೆ ಪುಟ ನೋಡಪ್ಪಾ" ಅಂದರು. ನೋಡಿದೆ. "ನನ್ನ ಮಡದಿ" ಎಂದು ಇರಬೇಕಾದಲ್ಲಿ "ನನ್ನ ಮಡಿದ" ಎಂದಿತ್ತು. ಪಕ್ಕದಲ್ಲಿ ಆ ತಾಯಿಯ ಹೆಸರು. ಗುಡಿಸು ಒಂದಕ್ಷರ ಹಿಂದಕ್ಕೆ ಜಾರಿತ್ತು, ಅಷ್ಟೇ. ಅಚ್ಚಾದ ಪುಸ್ತಕದಲ್ಲಿ ಅದು ಸರಿಯಾಗಿದೆ. ಹೊರಗೆ ಹೋಗಿದ್ದು ಎರಡನೇ ಪ್ರೂಫಿನ ಫೈಲು. ಅದನ್ನು ಲೇಖಕರಿಗೆ, ಪ್ರಕಾಶಕರಿಗೆ, ಮುನ್ನುಡಿ ಬರೆಯುವವರಿಗೆ, ಮುಖಪುಟ ಮಾಡುವವರಿಗೆ ನಾನೇ ಕಳಿಸಿದ್ದೆ. ಎಲ್ಲಿಂದ ಜಾರಿತೋ ದೇವರಿಗೇ ಗೊತ್ತು.

"ನೆಂಟರು ನಮ್ಮ ಮನೆಗೆ ಫೋನ್ ಮಾಡಿ ಏನಾಯ್ತು ಅಂತ ಕೇಳ್ತಿದ್ದಾರೆ" ಅಂದರು ಮೇಷ್ಟ್ರು. ಹಿಂದಿನಿಂದ "ಕಾಫಿ ಆರಿಹೋಗ್ತಿದೆ" ಅನ್ನುವ ದನಿ ಕೇಳಿಸಿತು. ಮಡಿದವರದ್ದೇ.

ವಾಟ್ಸಾಪಿನ ಒಂದು ಗುಂಪಿನಲ್ಲಿ 1024 ಜನ ಇರಬಹುದು. ಮೇಷ್ಟ್ರ ಪುಸ್ತಕ ಅಚ್ಚಾದದ್ದು 500. ಅಂದರೆ ಒಂದೇ ಒಂದು ಗುಂಪಿನಲ್ಲಿ, ಒಂದೇ ಬೆರಳಿನಿಂದ, ಇಡೀ ಮುದ್ರಣದ ಎರಡು ಪಟ್ಟು ತಪ್ಪು ಪ್ರತಿ ಹಂಚಿಹೋಯಿತು. ಪ್ರೆಸ್ಸಲ್ಲಾದರೆ ತಪ್ಪೋಲೆ ಅಂಟಿಸಬಹುದು. ಇದಕ್ಕೆ ಎಲ್ಲಿ ಅಂಟಿಸುವುದು? ಕಳಿಸಿದ ಫೈಲು ವಾಪಸ್ ಬರುವುದಿಲ್ಲ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. 200 ರೂಪಾಯಿಯ ಪುಸ್ತಕಕ್ಕೆ ಶೇಕಡಾ 10 ರಾಯಧನ ಅಂದರೂ ಲೇಖಕರಿಗೆ 20 ರೂಪಾಯಿ. ಅದೂ ಎಷ್ಟೋ ಸಲ ಗೌರವ ಪ್ರತಿಗಳ ರೂಪದಲ್ಲೇ ತೀರಿಹೋಗುತ್ತದೆ. ಪಿಡಿಎಫ್ ಓಡಾಡಿದ್ದರಿಂದ ಕನ್ನಡ ಲೇಖಕ ಬಡವನಾದ ಅನ್ನುವುದು ಸುಮ್ನೆ ಮಾತು, ಅವನು ಮೊದಲೂ ಬಡವನೇ. ಆದರೆ ಮುಂದಿನ ಮುದ್ರಣಕ್ಕೆ ಪ್ರಕಾಶಕ ಕೈಹಾಕುವುದು ಹಿಂದಿನ ಕಟ್ಟು ಖಾಲಿಯಾದರೆ ಮಾತ್ರ. ಬದುಕಿರುವವರ, ಅಂಗಡಿಯಲ್ಲಿ ಸಿಗುವ ಪುಸ್ತಕ ಕೇಳಿದರೆ ನನ್ನ ಉತ್ತರ "ಇಲ್ಲ". ಇಷ್ಟೇ.

ಈ "ಇಲ್ಲ" ಹೇಳಿದ ಕೂಡಲೇ ಕೆಲವರು ಅತ್ತಿಮಬ್ಬೆಯನ್ನು ಕರೆತರುತ್ತಾರೆ. "ಪೊನ್ನನ ಶಾಂತಿಪುರಾಣವನ್ನ ಸಾವಿರ ಪ್ರತಿ ಮಾಡಿಸಿ ಹಂಚಿದಳು, ಅವಳನ್ನ ದಾನಚಿಂತಾಮಣಿ ಅಂತೀರಿ, ನಾನು ಹಂಚಿದರೆ ಕಳ್ಳ ಅಂತೀರಿ." ಚೆನ್ನಾಗಿದೆ ವಾದ. ಆದರೆ ಆ ಕಾವ್ಯವನ್ನು ಪೊನ್ನನಿಂದ ಬರೆಸಿದ್ದೇ ಅವಳ ಅಪ್ಪ ಮಲ್ಲಪ ಮತ್ತು ಅವನ ಸೋದರ ಪುನ್ನಮಯ್ಯ. ಕವಿ ಒಂದೊಂದು ಪ್ರತಿ ಮಾರಿ ಬದುಕಬೇಕಾಗಿರಲಿಲ್ಲ. ಓಲೆಗರಿಯಲ್ಲಿ ಒಂದು ಪ್ರತಿ ಮಾಡುವುದೆಂದರೆ ಒಬ್ಬ ಮನುಷ್ಯ ತಿಂಗಳುಗಟ್ಟಲೆ ಬೆನ್ನು ಬಗ್ಗಿಸಬೇಕಿತ್ತು, ಅವಳು ಅದಕ್ಕೆ ಕೈಯಿಂದ ಖರ್ಚು ಮಾಡಿದಳು. ನೀವು ಖರ್ಚು ಮಾಡುವುದು ಅರ್ಧ ಎಂಬಿ ಡೇಟಾ. ಹಾಗಂತ ಅವರ ಮಾತು ಪೂರ್ತಿ ಸುಳ್ಳಲ್ಲ. ಹಳಗನ್ನಡದ ಎಷ್ಟೋ ಕಾವ್ಯ ಇವತ್ತು ನಮ್ಮ ಕೈಯಲ್ಲಿರುವುದು ಯಾರೋ ಯಾರನ್ನೂ ಕೇಳದೆ ಕಾಪಿ ಮಾಡಿದ್ದರಿಂದಲೇ.

ಇನ್ನೊಬ್ಬರು, ಕಾಲೇಜು ಮೇಡಂ, "ಕೋರ್ಟೇ ಜೆರಾಕ್ಸ್ ಮಾಡಬಹುದು ಅಂದಿದೆಯಲ್ಲ" ಅಂದರು. ಅಂದದ್ದು ಹೌದು. ದೆಹಲಿ ವಿಶ್ವವಿದ್ಯಾಲಯದ ಆವರಣದ ಒಂದು ಜೆರಾಕ್ಸ್ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮುಂತಾದ ದೊಡ್ಡ ಪ್ರಕಾಶಕರು 2012ರಲ್ಲಿ ಕೇಸು ಹಾಕಿದ್ದರು. 2016ರಲ್ಲಿ ದೆಹಲಿ ಹೈಕೋರ್ಟು ಅಂಗಡಿಯ ಪರ ನಿಂತಿತು. ಗ್ರಂಥಸ್ವಾಮ್ಯ ದೈವದತ್ತ ಹಕ್ಕೇನಲ್ಲ ಎನ್ನುವ ಅರ್ಥದ ಮಾತೂ ಆ ತೀರ್ಪಿನಲ್ಲಿದೆ. ನನಗೆ ಬಹಳ ಇಷ್ಟವಾದ ತೀರ್ಪು. ಆದರೆ ಅದು ಪಾಠಕ್ಕೆ ಬೇಕಾದ ಭಾಗಗಳನ್ನು ವಿದ್ಯಾರ್ಥಿಗಳಿಗೆ ಜೋಡಿಸಿಕೊಡುವ ಬಗ್ಗೆ. ಮೇಡಂ ಕೇಳಿದ್ದು ಒಂದು ಪತ್ತೇದಾರಿ ಕಾದಂಬರಿ.

ಈಗ "ಹೌದು" ಅನ್ನುವ ಕಡೆಗೆ ಬರುತ್ತೇನೆ.

ನಮ್ಮ ಗ್ರಂಥಸ್ವಾಮ್ಯದ ಕಾನೂನು 1957ರದ್ದು. ಲೇಖಕರು ತೀರಿಕೊಂಡ ಮೇಲೆ 50 ವರ್ಷ ಹಕ್ಕು ಎಂದು ಮೊದಲು ಇತ್ತು. ರವೀಂದ್ರನಾಥ ಟ್ಯಾಗೋರ್ ತೀರಿಕೊಂಡದ್ದು 1941ರಲ್ಲಿ. 1991ರ ಕೊನೆಗೆ ಅವರ ಬರಹವೆಲ್ಲ ಎಲ್ಲರದಾಗಬೇಕಿತ್ತು. ಅವರೇ ಕಟ್ಟಿದ ವಿಶ್ವಭಾರತಿ ವಿಶ್ವವಿದ್ಯಾಲಯದ ಕೈಯಿಂದ ಆ ಹಕ್ಕು ಹೋಗುತ್ತದೆ ಎಂದಾಗ ದೆಹಲಿಯಲ್ಲಿ ಗಡಿಬಿಡಿಯಾಗಿ 50ನ್ನು 60 ಮಾಡಿದರು. ಒಬ್ಬ ಕವಿಗಾಗಿ ಇಡೀ ದೇಶದ ಎಲ್ಲ ಭಾಷೆಯ ಎಲ್ಲ ಲೇಖಕರಿಗೂ ಹತ್ತು ವರ್ಷ ಬೀಗ ಜಾಸ್ತಿ ಬಿತ್ತು. ಈ ಲೆಕ್ಕದಲ್ಲಿ ಬಿ.ಎಂ.ಶ್ರೀ, ಕೈಲಾಸಂ (ಇಬ್ಬರೂ 1946) ಎಂದೋ ಎಲ್ಲರವರಾದರು. ಅ.ನ.ಕೃ. 2032ಕ್ಕೆ. ಬೇಂದ್ರೆ 2042ಕ್ಕೆ. ಕುವೆಂಪು 2055ಕ್ಕೆ, ಅಷ್ಟು ಹೊತ್ತಿಗೆ ನಾನಂತೂ ಇರುವುದಿಲ್ಲ.

ತ್ರಿವೇಣಿ 1963ರಲ್ಲಿ ತೀರಿಕೊಂಡರು, ಇನ್ನೂ ಮೂವತ್ತೈದರ ಆಸುಪಾಸು. ಅವರು ಬದುಕಿದ್ದಾಗಲೇ ಅಚ್ಚಾದ ಕಾದಂಬರಿಗಳು 2024ರ ಜನವರಿ 1ಕ್ಕೆ ಎಲ್ಲರ ಆಸ್ತಿಯಾದವು. ತೀರಿಕೊಂಡ ಮೇಲೆ ಮೊದಲ ಸಲ ಅಚ್ಚಾದ ಪುಸ್ತಕಕ್ಕೆ ಲೆಕ್ಕ ಬೇರೆ, ಅಚ್ಚಾದ ವರ್ಷದಿಂದ 60. ಆ ಜನವರಿ 1ರ ಬೆಳಿಗ್ಗೆ ನಾನು ಒಬ್ಬನೇ ಕೂತು ಅವರ ಒಂದು ಕಾದಂಬರಿಯ ಮೊದಲ ಪುಟ ಟೈಪ್ ಮಾಡಿದೆ. ಹಬ್ಬದ ಹಾಗಿತ್ತು.

ನಿಜವಾದ ಕಷ್ಟ ಇರುವುದು ನಡುವಿನವರದ್ದು. ಎಂಬತ್ತರ ದಶಕದಲ್ಲಿ ತೀರಿಕೊಂಡ ಸಾಧಾರಣ ಲೇಖಕ. ಪುಸ್ತಕ ಅಂಗಡಿಯಲ್ಲಿಲ್ಲ. ಪ್ರಕಾಶನ ಮುಚ್ಚಿದೆ. ಮಕ್ಕಳು ಎಲ್ಲಿದ್ದಾರೋ. ವಾರಸುದಾರರು ಸಿಗದಿದ್ದರೆ ಅರ್ಜಿ ಹಾಕಿ ಅನುಮತಿ ಪಡೆಯುವ ದಾರಿ ಕಾನೂನಿನಲ್ಲೇ ಇದೆ. ಮುನ್ನೂರು ಜನ ಓದುವ ಪುಸ್ತಕಕ್ಕೆ ಅಷ್ಟು ಓಡಾಡುವವರು ಯಾರು? ಗೆದ್ದಲಿಗೆ ಅರ್ಜಿ ಬೇಕಿಲ್ಲ. ನಿರಂಜನರ ಮನೆಯವರು ಅವರ ಕೃತಿಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಅದನ್ನು ನೋಡಿ ಇನ್ನೂ ನಾಲ್ಕು ಮನೆಯವರು ಹಾಗೆ ಮಾಡಿದ್ದರೆ ನನ್ನಂಥವನ ಕೆಲಸ ಎಷ್ಟು ಹಗುರವಾಗುತ್ತಿತ್ತು. ಇಂಥ ಪುಸ್ತಕ ಯಾರಾದರೂ ಕೇಳಿದರೆ ನಾನು "ಮನೆಯವರ ನಂಬರ್ ಹುಡುಕಿಕೊಡಿ, ನಾನೇ ಮಾತಾಡುತ್ತೇನೆ" ಅನ್ನುತ್ತೇನೆ. ಮೂರು ಮನೆಯವರು ಒಪ್ಪಿದ್ದಾರೆ. ಒಬ್ಬರು ತಮ್ಮ ಅಪ್ಪ ಪುಸ್ತಕ ಬರೆದಿದ್ದರು ಅನ್ನುವುದನ್ನೇ ನನ್ನಿಂದ ತಿಳಿದರು.

ಕಣ್ಣು ಕಾಣದವರು ಕೇಳಿದರೆ ಮಾತ್ರ ನಾನು ಯಾರ ಅನುಮತಿಗೂ ಕಾಯುವುದಿಲ್ಲ. 2012ರ ತಿದ್ದುಪಡಿಯಲ್ಲಿ ಅವರಿಗೆ ಓದಲು ಬರುವ ರೂಪಕ್ಕೆ ಪುಸ್ತಕವನ್ನು ಬದಲಿಸಿಕೊಡಲು ಅವಕಾಶ ಇದೆ, ಲಾಭ ಮಾಡಬಾರದು ಅಷ್ಟೇ. ಎಂ.ಎ. ಓದುವ ಹುಡುಗನೊಬ್ಬ ಫೋನ್ ಮಾಡಿದಾಗ ಖುಷಿಯಿಂದ ಫೈಲು ತೆಗೆದೆ. ಆಗ ಗೊತ್ತಾಯಿತು ನನ್ನ ಖಜಾನೆಯ ಬಂಡವಾಳ.

ಹಳೇ ಪೇಜ್‌ಮೇಕರ್ ಫೈಲು ಈಗಿನ ನನ್ನ ಕಂಪ್ಯೂಟರಿನಲ್ಲಿ ತೆರೆಯುವುದೇ ಇಲ್ಲ. ಅಟ್ಟದ ಮೇಲಿನ ಹಳೇ ಪೆಟ್ಟಿಗೆ ಇಳಿಸಿ, ಧೂಳು ಹೊಡೆದು, ಹೇಗೋ ತೆರೆದು ಅಕ್ಷರ ನಕಲು ಮಾಡಿದೆ. "ಕನ್ನಡ" ಎಂದು ಟೈಪ್ ಮಾಡಿದ್ದ ಕಡೆ ಇಂಗ್ಲಿಷಿನ ಒಂದು ಪಿ, ತಲೆಯ ಮೇಲೆ ಕಡ್ಡಿ ಇಟ್ಟ ಒಂದು ಎ, ಬ್ರಿಟನ್ನಿನ ಪೌಂಡ್ ಗುರುತು! ನಾವು ಆಗ ಮಾಡುತ್ತಿದ್ದದ್ದು ಅದೇ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಮುಖವಾಡ ಹಾಕುತ್ತಿದ್ದೆವು. ಫಾಂಟ್ ತೆಗೆದರೆ ಮುಖವಾಡ ಬಿತ್ತು. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ನಾವು ಹೋಗಿ ಕೂರಲು ಇಪ್ಪತ್ತು ವರ್ಷ ತಗೊಂಡೆವು. ಕೆಲವು ಕನ್ನಡದ ಹುಡುಗರು ಪರಿವರ್ತಕ ತಂತ್ರಾಂಶ ಬರೆದು ಕೋಡ್ ಸಮೇತ ಪುಕ್ಕಟೆ ಹಂಚಿದ್ದಾರೆ, ಅವರ ಹೊಟ್ಟೆ ತಣ್ಣಗಿರಲಿ. ಅದರಲ್ಲಿ ಹಾಕಿ ತಿರುಗಿಸಿ ಹುಡುಗನಿಗೆ ಕಳಿಸಿದೆ. ಮರುದಿನ ಫೋನ್ ಬಂತು.

"ಸಾರ್, ಸೂಯ ಒಂಬತ್ತು ಅಂದ್ರೆ ಏನು?"

ಅರ್ಕಾವತ್ತು. ಹಳೇ ಫಾಂಟಿನಲ್ಲಿ ಅದರ ಕೀ ಹುಡುಕಲು ಸೋಮಾರಿತನವಾಗಿ ಎಷ್ಟೋ ಕಡೆ ಕನ್ನಡದ ೯ ಅಂಕಿಯನ್ನೇ ಒತ್ತಿದ್ದೆ. ಕಣ್ಣಿಗೆ ಎರಡೂ ಒಂದೇ ಥರ. ಅಚ್ಚಿನಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಗಟ್ಟಿಯಾಗಿ ಓದಿ ಹೇಳುವ ಅವನ ಕಂಪ್ಯೂಟರು ಮಾತ್ರ ನಿಯತ್ತಾಗಿ ಸೂರ್ಯನನ್ನು "ಸೂಯ ಒಂಬತ್ತು" ಅಂತ ಓದಿತ್ತು, ಧರ್ಮವನ್ನು "ಧಮ ಒಂಬತ್ತು" ಅಂತ. ನಾಲ್ಕು ರಾತ್ರಿ ಕೂತು ಸರಿ ಮಾಡಿದೆ. ಅವತ್ತಿನಿಂದ ಹೊಸ ಕೆಲಸವೆಲ್ಲ ಮುಕ್ತ ತಂತ್ರಾಂಶದಲ್ಲಿ, ಯೂನಿಕೋಡ್‌ನಲ್ಲಿ. ಕದ್ದ ಪೇಜ್‌ಮೇಕರ್ ಬಿಟ್ಟಿ ಸಿಕ್ಕಿತ್ತು ಅಂದುಕೊಂಡಿದ್ದೆ. ಬೆಲೆ ಆಮೇಲೆ ಕಟ್ಟಿದೆ.

ಕೊನೆಯದಾಗಿ, ಗುಟ್ಟಾಗಿ ಕೇಳುವವರು: "ಆ ಬ್ಯಾನ್ ಆದದ್ದು ಇದ್ಯಾ ಸಾರ್?" ನನ್ನ ಹತ್ತಿರ ಇಲ್ಲ. ಅಭಿಪ್ರಾಯ ಇದೆ. ಪಿ.ವಿ. ನಾರಾಯಣ ಅವರ ಕಾದಂಬರಿಯನ್ನು ರಾಜ್ಯ ಸರ್ಕಾರ ಮುಟ್ಟುಗೋಲು ಹಾಕಿತ್ತು. 2007ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಮುಟ್ಟುಗೋಲಿನ ಕಾನೂನು ಹೇಳುವುದು, ಪ್ರತಿ ದೇಶದಲ್ಲಿ ಎಲ್ಲೇ ಸಿಗಲಿ, ಪೊಲೀಸರು ವಶಪಡಿಸಿಕೊಳ್ಳಬಹುದು ಅಂತ. ಕಾಗದದ ಕಾಲದ ಮಾತು. ಗೋಡೌನಿಗೆ ಬೀಗ ಹಾಕಿದರೆ ಮುಗಿಯುತ್ತಿತ್ತು. ಮೇಷ್ಟ್ರ ಅರ್ಪಣೆ ಪುಟವನ್ನೇ ಯಾರಿಂದಲೂ ವಾಪಸ್ ತರಲಾಗಲಿಲ್ಲ, ಇನ್ನು ಸರ್ಕಾರ ಏನು ತರುತ್ತದೆ? ಪುಸ್ತಕ ಹಿಡಿಸದಿದ್ದರೆ ಅದರ ವಿರುದ್ಧ ಇನ್ನೊಂದು ಪುಸ್ತಕ ಬರೆಯಲಿ. ಡಿಟಿಪಿ ನಾನು ಮಾಡಿಕೊಡುತ್ತೇನೆ, ಪುಟದ ರೇಟು ಅದೇ.

ಬಾಯಿ ಮುಚ್ಚಿಸಲು ಬ್ಯಾನೇ ಆಗಬೇಕಿಲ್ಲ ಈಗ. ನನಗೆ ಗೊತ್ತಿರುವ ಒಬ್ಬರು ಒಂದು ಪುಸ್ತಕವನ್ನು ಟೀಕಿಸಿ, ಅದರ ಎರಡು ಪ್ಯಾರಾ ಓದಿ ವಿಡಿಯೊ ಹಾಕಿದ್ದರು. ಗ್ರಂಥಸ್ವಾಮ್ಯದ ದೂರು ಬಿತ್ತು, ವಿಡಿಯೊ ಹೋಯಿತು. ವಿಮರ್ಶೆಗೆ ಉದ್ಧರಿಸಬಹುದು ಅಂತ ಕಾನೂನಿನಲ್ಲಿ ಸ್ಪಷ್ಟವಾಗಿದೆ. 2013ರ ನಿಯಮದ ಪ್ರಕಾರ ದೂರು ಕೊಟ್ಟವರು 21 ದಿನದಲ್ಲಿ ಕೋರ್ಟಿನ ಆದೇಶ ತರದಿದ್ದರೆ ತೆಗೆದದ್ದನ್ನು ಮತ್ತೆ ಹಾಕಲೂಬಹುದು. ಆದರೆ ಪುಸ್ತಕ ಬಿಡುಗಡೆಯ ಗಲಾಟೆ ಇರುವುದೇ ಎರಡು ವಾರ. 21 ದಿನದ ಮೇಲೆ ಯಾರಿಗೆ ಬೇಕು?

ಹಾಂ, ತ್ರಿವೇಣಿ ಕಾದಂಬರಿ 112ನೇ ಪುಟಕ್ಕೆ ಬಂದಿದೆ. ಮುಗಿದ ಮೇಲೆ ಪಿಡಿಎಫೂ ಕೊಡುತ್ತೇನೆ, ಯೂನಿಕೋಡ್ ಫೈಲೂ ಕೊಡುತ್ತೇನೆ, ಯಾರಿಗೆ ಬೇಕಾದರೂ ಕಳಿಸಿಕೊಳ್ಳಿ. ಸದ್ಯಕ್ಕೆ ಪ್ರೂಫ್ ನೋಡುವವರು ಬೇಕಾಗಿದ್ದಾರೆ. ಸಂಬಳ ಇಲ್ಲ, ಕಾಫಿ ಉಂಟು. ಮಡದಿಗೂ ಮಡಿದಗೂ ವ್ಯತ್ಯಾಸ ಕಂಡುಹಿಡಿಯುವ ಕಣ್ಣಿದ್ದರೆ ಸಾಕು.