ಮುಧೋಳ ನಾಯಿಯ ವಿಮಾನ ಪೆಟ್ಟಿಗೆ, ಭಾಗ 4: ರೀಪರ್ ತಲೆನೋವು ಬಗೆಹರಿಯಿತು

ಕೊನೆಗೂ ನಾಲ್ಕು ಮೂಲೆಗಳೂ ಕೂತವು! ಲಿಸ್ಬನ್‌ಗೆ ಹೊರಡುವ ಮುಧೋಳ ನಾಯಿಗೆ ಮೈಸೂರಿನಲ್ಲಿ ಕಟ್ಟುತ್ತಿರುವ ಪೆಟ್ಟಿಗೆಯ ಕೆಲಸ ಮೂರು ವಾರ ನಿಂತೇ ಹೋಗಿತ್ತು. ಗುರುತಿನ ಚಿಪ್, ರೇಬಿಸ್ ಲಸಿಕೆ, ಟೈಟರ್ (ಲಸಿಕೆ ಹಿಡಿದಿದೆಯೇ ಎಂದು ನೋಡುವ ರಕ್ತ ಪರೀಕ್ಷೆ) ಎಲ್ಲ ಮುಗಿದಿವೆ. ರಕ್ತ ತೆಗೆದ ದಿನದಿಂದ ಕಾಯಬೇಕಾದ 3 ತಿಂಗಳಲ್ಲೇ ಈ ಮರಗೆಲಸ ಮುಗಿಯಬೇಕು.

ಮೂಗಿನಿಂದ ಬಾಲದ ಬುಡಕ್ಕೆ 96 ಸೆಂ.ಮೀ., ನೆಲದಿಂದ ಮೊಣಕೈಗೆ 40, ಭುಜದಗಲ 20, ಕಿವಿತುದಿಗೆ 88. ವಿಮಾನ ಸಂಸ್ಥೆಗಳ ಒಕ್ಕೂಟವಾದ ಐಯಾಟಾದ ಸೂತ್ರದಂತೆ ಉದ್ದ 116, ಹಾಸಿಗೆ ಸೇರಿ ಎತ್ತರ 91. ಅಗಲ ಮಾತ್ರ ಬರೀ 40 ಬರುತ್ತದೆ. ಅಷ್ಟರಲ್ಲಿ ಈ ಉದ್ದ ಕಾಲಿನ ನಾಯಿ ತಿರುಗಲಾರದು, ಹಾಗಾಗಿ 60 ಇಟ್ಟದ್ದು. ಗಾಳಿಕಿಂಡಿ ನಾಲ್ಕು ಬದಿಯ ಒಟ್ಟು ವಿಸ್ತೀರ್ಣದ ಶೇ. 16, ಅಂದರೆ ಸುಮಾರು 5,125 ಚದರ ಸೆಂ.ಮೀ.

ಇನ್ನು ರೀಪರ್, ಅಂದರೆ ಮೂಲೆಯಲ್ಲಿ ಹಲಗೆಗಳನ್ನು ಹಿಡಿದಿಡುವ ಚೌಕ ಪಟ್ಟಿ. ಮರದ ಪೆಟ್ಟಿಗೆಗಳ ಜೊತೆ ಕೀಟ ದೇಶ ದಾಟದಂತೆ ತಡೆಯುವ ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮದಲ್ಲಿ ಪ್ಲೈವುಡ್‌ಗೆ ವಿನಾಯಿತಿ ಇದೆ, ಇಡೀ ಮರಕ್ಕೆ (ಪದರ ಅಂಟಿಸದ ನೇರ ಮರ) ಇಲ್ಲ. ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿರಬೇಕು, ಮೇಲೆ ಎಚ್‌ಟಿ (ಹೀಟ್ ಟ್ರೀಟೆಡ್) ಮುದ್ರೆ ಇರಬೇಕು. ಸಾಮಿಲ್‌ಗಳಲ್ಲಿ ಕೇಳಿದರೆ 'ಚೆನ್ನಾಗಿ ಒಣಗಿಸಿದ್ದು ಸಾರ್' ಅಂತಾರೆ. ಒಣಗಿಸಿದ್ದು ಬೇರೆ, ಮುದ್ರೆ ಬೇರೆ. ಒಂದು ಕಡೆ ಮುದ್ರೆಯಿದ್ದ ಹಲಗೆಯೇನೋ ಸಿಕ್ಕಿತು, ಆದರೆ ಸೀಳಿ ರೀಪರ್ ಮಾಡಿದ ಮೇಲೆ ಆ ತುಂಡುಗಳಿಗೆ ಮುದ್ರೆಯೇ ಉಳಿಯಲಿಲ್ಲ. ಹಣ ದಂಡ.

ದಾರಿ ಪ್ಲೈನಲ್ಲೇ ಇತ್ತು. 9 ಮಿ.ಮೀ. ಮೆರೈನ್ ಪ್ಲೈ, ಐಎಸ್ 710 ಮಾನಕದ್ದು. 36 ಮಿ.ಮೀ. ಅಗಲದ ಪಟ್ಟಿ ಸೀಳಿ, ನಾಲ್ಕು ಪದರ ಅಂಟಿಸಿದರೆ 36ರ ಚೌಕ ರೀಪರ್. ಇಡೀ ಮರ ಒಂದು ಚೂರೂ ಇಲ್ಲ, ಮುದ್ರೆಯ ಮಾತೇ ಇಲ್ಲ. ಮಾಮೂಲಿ ಬಿಳಿ ಅಂಟಿನಲ್ಲಿ ಮಾಡಿದ ಮೊದಲ ತುಂಡು ಒಂದು ರಾತ್ರಿ ನೀರಿನಲ್ಲಿಟ್ಟಾಗ ಬಾಯಿ ಬಿಟ್ಟಿತು. ಎಪಾಕ್ಸಿ ಹಚ್ಚಿ, 15 ಸೆಂ.ಮೀ.ಗೊಂದು ಸಿ-ಕ್ಲಾಂಪ್ ಬಿಗಿದು 24 ಗಂಟೆ ಬಿಟ್ಟದ್ದು ಗಟ್ಟಿ ನಿಂತಿದೆ.

ಆಮೇಲೆ ಸ್ಕ್ರೂ ಕಾಟ. ಮೂಲೆಯಲ್ಲಿ ಎರಡು ಹಲಗೆ ಸೇರುತ್ತವಲ್ಲ, ಒಂದರ ಸ್ಕ್ರೂ ಪದರಗಳನ್ನು ದಾಟಿ ಹೋಗುತ್ತದೆ, ಇನ್ನೊಂದರದು ಪದರಗಳ ಸಂದಿಗೇ ನುಗ್ಗುತ್ತದೆ. ಎರಡನೆಯದು ಬೆಣೆ ಹೊಡೆದಂತೆ ಪ್ಲೈಯನ್ನು ಸೀಳಿಬಿಡುತ್ತದೆ. ಸ್ಕ್ರೂ ಪೂರ್ತಿ ಬಿಟ್ಟು 6 ಮಿ.ಮೀ. ಕ್ಯಾರೇಜ್ ಬೋಲ್ಟ್ ಆರ್‌ಪಾರ್: ಉದ್ದ 60, ದುಂಡು ತಲೆ ಒಳಗೆ, ಅಗಲ ವಾಷರ್ ಮತ್ತು ನೈಲಾಕ್ ನಟ್ (ನೈಲಾನ್ ಬಳೆಯಿರುವ, ಸಡಿಲವಾಗದ ನಟ್) ಹೊರಗೆ. ಎರಡು ಕಡೆಯ ಬೋಲ್ಟ್ ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ 40 ಮಿ.ಮೀ. ಮೇಲೆ-ಕೆಳಗೆ ಸರಿಸಿ ತೂತು ಹಾಕಬೇಕು.

ಬೋಲ್ಟ್ ಹುಡುಕಿದ್ದು ಇನ್ನೊಂದು ಪಾಡು. ಲಿಸ್ಬನ್ ತಲುಪಿದ ಮೇಲೆ ಈ ಪೆಟ್ಟಿಗೆಯೇ ಕಡಲ ಗಾಳಿಯಲ್ಲಿ ನಾಯಿಮನೆ. ಉಪ್ಪಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕಂದು ಕಲೆ ಕಟ್ಟುತ್ತದೆ. 316 ದರ್ಜೆಯಲ್ಲಿ ಶೇ. 2ರಿಂದ 3 ಮಾಲಿಬ್ಡಿನಮ್ ಎಂಬ ಲೋಹ ಇರುವುದರಿಂದ ತಾಳುತ್ತದೆ. ಸಂತೆಪೇಟೆಯ ಅಂಗಡಿಯೊಂದರಲ್ಲಿ ಎಲ್ಲಕ್ಕೂ 'ಎಸ್‌ಎಸ್' ಒಂದೇ ಹೆಸರು, ಬೆಲೆ ಮಾತ್ರ 316ರದ್ದು. ಅಯಸ್ಕಾಂತ ಹಿಡಿದು ಇವೆರಡನ್ನು ಬೇರೆ ಮಾಡಲಾಗದು. ಮಾಲಿಬ್ಡಿನಮ್ ಪತ್ತೆ ಮಾಡುವ ಹನಿ ಹಾಕಿ ನೋಡಿಯೇ ದುಡ್ಡು ಕೊಡಿ.

ಮುಂದಿನ ಕೆಲಸ ಈಗಲೇ ತಲೆಯಲ್ಲಿ ಓಡುತ್ತಿದೆ: ಲಿಸ್ಬನ್ ಮನೆಯ ಬಾಲ್ಕನಿಗೆ ಪರದೆ. ಪೋರ್ಚುಗಲ್‌ನಲ್ಲಿ ಮರಳುನೊಣ ನಾಯಿಗಳಿಗೆ ಲೀಶ್ಮೇನಿಯಾಸಿಸ್ ಎಂಬ ಪರಾವಲಂಬಿ ರೋಗ ಅಂಟಿಸುತ್ತದೆ. ಸಂಜೆಯಿಂದ ಬೆಳಗಿನವರೆಗೆ ಅದರ ಓಡಾಟ, ಸೊಳ್ಳೆಪರದೆಯ ಕಣ್ಣಿನಲ್ಲಿ ಸಲೀಸಾಗಿ ನುಸುಳುತ್ತದೆ. ಡೆಲ್ಟಾಮೆಥ್ರಿನ್ ಕೀಟನಾಶಕದ ಪಟ್ಟಿ ಕೊರಳಿಗೆ ಬೇಕೇ ಬೇಕು, ಜೊತೆಗೆ ತೀರಾ ಸಣ್ಣ ಕಣ್ಣಿನ ಜಾಲರಿ. ಬಾಗಿಲ ಬಳಿ ಸಿಹಿನೀರಿನ ತಟ್ಟೆಯೂ ಬರಲಿದೆ, ಕಡಲತೀರದ ಮರಳಿನಿಂದ ಬಂದೊಡನೆ ನಾಯಿಯ ಪಾದ ತೊಳೆಯಲು.

ನಾಳೆ ಬಾಗಿಲಿನ ಚಿಲಕ.